2022ರ ಸಾವಿನ ಪಟ್ಟಿ: ಯುದ್ಧ ಬಂದಾಗ ತಾರೀಖು, ಕಾರಣ ಎರಡೂ ಯಾಕೆ ಕಳೆದುಹೋಗುತ್ತವೆ?

ಪ್ರತಿ ಡಿಸೆಂಬರ್ ಕೊನೆಗೆ ಪತ್ರಿಕೆಗಳಲ್ಲಿ ‘ಅಗಲಿದ ಗಣ್ಯರು’ ಅನ್ನುವ ಪುಟ ಬರುತ್ತದೆ. 2022ರ ಪುಟವನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಜನವರಿಯಲ್ಲಿ ಚಂಪಾ ಹೋದರು. ಫೆಬ್ರವರಿ 6ರಂದು ಲತಾ ಮಂಗೇಶ್ಕರ್. ಫೆಬ್ರವರಿ 16ರಂದು ಚೆನ್ನವೀರ ಕಣವಿ. ಸೆಪ್ಟೆಂಬರಿನಲ್ಲಿ ರಾಣಿ ಎಲಿಜಬೆತ್, ಡಿಸೆಂಬರಿನಲ್ಲಿ ಪೆಲೆ. ಇವರು ಯಾವತ್ತು ತೀರಿಕೊಂಡರು, ಎಲ್ಲಿ ತೀರಿಕೊಂಡರು ಅನ್ನುವುದರಲ್ಲಿ ಯಾರಿಗೂ ಅನುಮಾನ ಇಲ್ಲ. ಸುದ್ದಿ ಬಂತು, ಜನ ಕೊನೆಯ ದರ್ಶನಕ್ಕೆ ಹೋದರು, ಪತ್ರಿಕೆಗಳು ಬರೆದವು.

ಕಣವಿಯವರು ಹೋದ ಎಂಟು ದಿನಕ್ಕೆ, ಫೆಬ್ರವರಿ 24ರಂದು, ರಷ್ಯಾದ ಸೇನೆ ಉಕ್ರೇನಿನೊಳಗೆ ನುಗ್ಗಿತು. ಅಲ್ಲಿಂದ ಮುಂದೆ ಅದೇ ವರ್ಷದ ಪಟ್ಟಿಗೆ ಬೇರೆ ಥರದ ಹೆಸರುಗಳು ಸೇರತೊಡಗಿದವು. ಒಬ್ಬ ಮಕ್ಕಳ ಕವಿ, ಒಬ್ಬ ವಾದ್ಯವೃಂದದ ನಿರ್ದೇಶಕ, 21 ವರ್ಷದ ಗಣಿತಜ್ಞೆ, 96 ವರ್ಷದ ಮುದುಕ, ಧಾನ್ಯದ ದೊಡ್ಡ ವ್ಯಾಪಾರಿ. ಇವರಲ್ಲಿ ಕೆಲವರ ಎದುರು ತಾರೀಖಿನ ಜಾಗದಲ್ಲಿ ಒಂದು ದಿನ ಇಲ್ಲ. ‘ಮಾರ್ಚ್ 24 ಮತ್ತು ಮೇ 12ರ ನಡುವೆ’ ಎಂಬಂಥ ಸಾಲು ಇದೆ. ಕಾರಣದ ಜಾಗದಲ್ಲಿ ಎರಡು ದೇಶಗಳ ಎರಡು ಹೇಳಿಕೆ ಇವೆ, ಇಲ್ಲವೇ ಏನೂ ಇಲ್ಲ.

ಯುದ್ಧದ ವರ್ಷದ ಸಾವಿನ ಪಟ್ಟಿಯನ್ನು ನಾವು ಸಾಮಾನ್ಯವಾಗಿ ಶ್ರದ್ಧಾಂಜಲಿ ಅಂತ ಓದುತ್ತೇವೆ. ಅದು ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಅಷ್ಟಕ್ಕೇ ನಿಂತರೆ ಮುಖ್ಯವಾದದ್ದೇ ಕೈತಪ್ಪುತ್ತದೆ. ಯುದ್ಧದ ವರ್ಷ ಅಂದರೆ ಸಾವನ್ನು ಅಡಗಿಸಿಡಲು ಬಲು ಸುಲಭದ ಜಾಗ. ಅಷ್ಟೊಂದು ಜನ ಸಾಯುವಾಗ ಒಬ್ಬರನ್ನು ಬೇಕೆಂದೇ ಕೊಂದರೂ ಅದು ಗುಂಪಿನಲ್ಲಿ ಬೆರೆತುಹೋಗುತ್ತದೆ. ಹಾಗಾಗಿ ಯಾರು, ಯಾವತ್ತು, ಎಲ್ಲಿ, ಹೇಗೆ ಎಂಬುದನ್ನು ಬರೆದಿಡುವುದು ಮುಂದೊಂದು ದಿನ ಸಾಕ್ಷಿಯಾಗುತ್ತದೆ. ಇದನ್ನು ಉಕ್ರೇನಿನವರಷ್ಟು ಚೆನ್ನಾಗಿ ತಿಳಿದವರು ಕಡಿಮೆ. ಅವರ ಅಜ್ಜ-ಅಜ್ಜಿಯರ ಕಾಲದಲ್ಲೇ ಇದು ಒಮ್ಮೆ ನಡೆದುಹೋಗಿದೆ.

1937ರಲ್ಲಿ ಸತ್ತವರಿಗೆ 1942ರ ತಾರೀಖು

ಮಿಕೋಲಾ ಕುಲಿಶ್ ಉಕ್ರೇನಿನ ಬಹಳ ದೊಡ್ಡ ನಾಟಕಕಾರ. ಲೆಸ್ ಕುರ್ಬಾಸ್ ರಂಗ ನಿರ್ದೇಶಕ. ಮಿಕೋಲಾ ಜೆರೊವ್ ಕವಿ, ವಿಮರ್ಶಕ. ಮೂವರನ್ನೂ ಸ್ಟಾಲಿನ್ ಕಾಲದಲ್ಲಿ ಬಂಧಿಸಿ ಉತ್ತರದ ಸೊಲೊವ್ಕಿ ದ್ವೀಪಗಳ ಸೆರೆಮನೆಗೆ ಕಳಿಸಿದ್ದರು. 1937ರ ಅಕ್ಟೋಬರ್ 27ರಿಂದ ನವೆಂಬರ್ 4ರ ನಡುವೆ ಸೊಲೊವ್ಕಿಯ 1,111 ಕೈದಿಗಳನ್ನು ರಷ್ಯಾದ ಕರೇಲಿಯಾ ಪ್ರಾಂತ್ಯದ ಸಾಂದರ್ಮೊಖ್ ಕಾಡಿನಲ್ಲಿ ಗುಂಡಿಟ್ಟು ಕೊಂದರು. ಈ ಮೂವರನ್ನು ಕೊಂದದ್ದು ನವೆಂಬರ್ 3ರಂದು. ಒಂದೇ ದಿನ, ಒಂದೇ ಕಾಡು. ಒಂದು ಭಾಷೆಯ ಒಂದಿಡೀ ಪೀಳಿಗೆಯ ಸಾಹಿತ್ಯ ಅಲ್ಲಿ ಮಣ್ಣಾಯಿತು.

ಮನೆಯವರಿಗೆ ಏನೂ ಗೊತ್ತಿರಲಿಲ್ಲ. ‘ಪತ್ರ ಬರೆಯುವ ಹಕ್ಕಿಲ್ಲದ ಶಿಕ್ಷೆ’ ಅಂತ ಮಾತ್ರ ಹೇಳಿದ್ದರು. ಸ್ಟಾಲಿನ್ ಸತ್ತ ಮೇಲೆ, 1950ರ ದಶಕದಲ್ಲಿ, ಇಂಥ ಕುಟುಂಬಗಳಿಗೆ ಮರಣಪತ್ರ ಕೊಡಲು ಶುರು ಮಾಡಿದರು. ಆ ಮರಣಪತ್ರಗಳಲ್ಲಿ ಗುಂಡಿನ ಮಾತೇ ಇಲ್ಲ. ನ್ಯುಮೋನಿಯಾ, ಹೃದಯಾಘಾತ ಇಂಥ ಕಾಯಿಲೆಗಳ ಹೆಸರು. ತಾರೀಖೂ ಸುಳ್ಳು. ಎಷ್ಟೋ ಜನರಿಗೆ ಎರಡನೇ ಮಹಾಯುದ್ಧದ ವರ್ಷಗಳನ್ನೇ ಬರೆದುಕೊಟ್ಟರು. 1937ರಲ್ಲಿ ಕೊಂದವರನ್ನು 1942ರಲ್ಲಿ, 1943ರಲ್ಲಿ ಕಾಯಿಲೆ ಬಂದು ಸತ್ತವರನ್ನಾಗಿ ಮಾಡಿದರು.

ಯಾಕೆ ಯುದ್ಧದ ವರ್ಷವನ್ನೇ ಆರಿಸಿಕೊಂಡರು? ಉತ್ತರ ಕಷ್ಟದ್ದಲ್ಲ. ಆ ವರ್ಷಗಳಲ್ಲಿ ಸತ್ತವರ ಬಗ್ಗೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಎಲ್ಲರ ಮನೆಯಲ್ಲೂ ಒಬ್ಬರು ಸತ್ತಿದ್ದರು. ಹಸಿವು, ಚಳಿ, ಬಾಂಬು, ಜ್ವರ. ಅದರಲ್ಲಿ ಇದೂ ಒಂದು ಅಂದುಕೊಂಡು ಮನೆಯವರು ಸುಮ್ಮನಾಗಬೇಕು ಅನ್ನುವುದು ಲೆಕ್ಕಾಚಾರ. ಲೆಕ್ಕಾಚಾರ ಬಹಳ ಕಾಲ ನಡೆಯಿತು ಕೂಡ. ಸಾಂದರ್ಮೊಖ್‌ನ ಗುಂಡಿಗಳು ಸಿಕ್ಕಿದ್ದು 1997ರಲ್ಲಿ, ಅಂದರೆ ಅರವತ್ತು ವರ್ಷದ ನಂತರ. ಹುಡುಕಿದ್ದು ರಷ್ಯಾದ ‘ಮೆಮೊರಿಯಲ್’ ಸಂಸ್ಥೆಯವರು. ಸತ್ತವರ ಹೆಸರು ಕಲೆಹಾಕುವುದೇ ಆ ಸಂಸ್ಥೆಯ ಮುಖ್ಯ ಕೆಲಸವಾಗಿತ್ತು. ಹುಡುಕಿದವರಲ್ಲಿ ಒಬ್ಬರಾದ ಯೂರಿ ದ್ಮಿತ್ರಿಯೆವ್ ಈಗ ಸೆರೆಮನೆಯಲ್ಲಿದ್ದಾರೆ. ಅವರ ಮೇಲಿನ ಕೇಸು ಕಟ್ಟುಕಥೆ ಅಂತ ಮಾನವ ಹಕ್ಕುಗಳ ಕಾರ್ಯಕರ್ತರು ಹೇಳುತ್ತಲೇ ಬಂದಿದ್ದಾರೆ. 2021ರ ಡಿಸೆಂಬರ್ 28ರಂದು ರಷ್ಯಾದ ಸುಪ್ರೀಂ ಕೋರ್ಟ್ ಮೆಮೊರಿಯಲ್ ಸಂಸ್ಥೆಯನ್ನೇ ಮುಚ್ಚಲು ಆದೇಶ ಕೊಟ್ಟಿತು. ಅದಾಗಿ ಎರಡು ತಿಂಗಳಿಗೆ ಯುದ್ಧ ಶುರುವಾಯಿತು. ಅದೇ 2022ರಲ್ಲಿ ಆ ಸಂಸ್ಥೆಗೆ ನೊಬೆಲ್ ಶಾಂತಿ ಪ್ರಶಸ್ತಿಯ ಪಾಲು ಬಂತು.

ಈ ಹಿನ್ನೆಲೆ ಗೊತ್ತಿದ್ದರೆ ಮಾತ್ರ ಮುಂದಿನ ಕತೆ ಸರಿಯಾಗಿ ಅರ್ಥವಾಗುತ್ತದೆ.

ಚೆರಿ ಮರದ ಬುಡದಲ್ಲಿ ಹೂತ ಡೈರಿ

ವೊಲೊದಿಮಿರ್ ವಕುಲೆಂಕೊ ಮಕ್ಕಳಿಗೆ ಪದ್ಯ ಬರೆಯುತ್ತಿದ್ದವರು. ಖಾರ್ಕಿವ್ ಪ್ರಾಂತ್ಯದ ಇಜಿಯಂ ಪಟ್ಟಣದ ಪಕ್ಕ ಕಪಿತೊಲಿವ್ಕಾ ಅಂತ ಒಂದು ಹಳ್ಳಿ. ಅಲ್ಲಿ ತಮ್ಮ ಮಗನ ಜೊತೆ ಇದ್ದರು. ಮಗನಿಗೆ ಆಟಿಸಂ ಇದೆ. ಯುದ್ಧ ಬಂದಾಗ ಊರು ಬಿಡಲಿಲ್ಲ. ಮಾರ್ಚ್ ಮೊದಲ ವಾರಗಳಲ್ಲಿ ರಷ್ಯಾ ಸೇನೆ ಹಳ್ಳಿಯನ್ನು ಹಿಡಿಯಿತು.

ವಕುಲೆಂಕೊ ದಿನಚರಿ ಬರೆಯುತ್ತಿದ್ದರು. ಕರೆಂಟಿಲ್ಲ, ಫೋನಿಲ್ಲ, ಊಟದ ಪಾಡು, ಬೀದಿಯಲ್ಲಿ ಸೈನಿಕರು. ಕೈಬರಹದ ಮೂವತ್ತಾರು ಪುಟ. ಕೊನೆಯ ಪುಟದಲ್ಲಿ ಮಾರ್ಚ್ 21ರ ಮಾತು ಬರುತ್ತದೆ. ಅವತ್ತು ವಿಶ್ವ ಕಾವ್ಯ ದಿನ. ತಲೆ ಮೇಲೆ ಕ್ರೌಂಚ ಹಕ್ಕಿಗಳ ಸಣ್ಣ ಹಿಂಡು ಹಾದುಹೋಯಿತು, ಅವುಗಳ ಕೂಗಿನಲ್ಲಿ ತನಗೆ ಗೆಲುವಿನ ಭರವಸೆ ಕೇಳಿಸಿತು ಅಂತ ಬರೆದಿದ್ದಾರೆ. ಅದಾದ ಮೇಲೆ ಮನೆಗೆ ಸೈನಿಕರು ಬಂದರು, ಹುಡುಕಾಡಿದರು. ಮತ್ತೆ ಬರುತ್ತಾರೆ ಅಂತ ವಕುಲೆಂಕೊಗೆ ಗೊತ್ತಾಯಿತು. ಡೈರಿಯನ್ನು ಸುರುಳಿ ಸುತ್ತಿ ಹಿತ್ತಲಿನ ಚೆರಿ ಮರದ ಬುಡದಲ್ಲಿ ಹೂತರು. ನಮ್ಮವರು ಬಂದಾಗ ಕೊಡು ಅಂತ ಅಪ್ಪನಿಗೆ ಹೇಳಿದರು. ಮಾರ್ಚ್ 24ರಂದು ಅವರನ್ನು ಎಳೆದುಕೊಂಡು ಹೋದರು.

ಸೆಪ್ಟೆಂಬರ್‌ವರೆಗೆ ಯಾವ ಸುದ್ದಿಯೂ ಇಲ್ಲ. ಆಗ ಉಕ್ರೇನ್ ಸೇನೆ ಇಜಿಯಂ ಅನ್ನು ವಾಪಸ್ ಪಡೆಯಿತು. ಊರ ಹೊರಗಿನ ಪೈನ್ ಕಾಡಿನಲ್ಲಿ ನಾನೂರಕ್ಕೂ ಹೆಚ್ಚು ಗೋರಿಗಳು ಸಿಕ್ಕವು. ಮರದ ಶಿಲುಬೆಗಳು, ಬಹಳಷ್ಟರ ಮೇಲೆ ಹೆಸರಿಲ್ಲ, ಬರೀ ನಂಬರ್.

ಇಲ್ಲಿಗೆ ವಿಕ್ಟೋರಿಯಾ ಅಮೆಲಿನಾ ಬರುತ್ತಾರೆ. ಲ್ವಿವ್ ನಗರದವರು, 1986ರಲ್ಲಿ ಹುಟ್ಟಿದವರು. ಮೊದಲು ಐಟಿ ಕೆಲಸದಲ್ಲಿದ್ದು ಅದನ್ನು ಬಿಟ್ಟು ಕಾದಂಬರಿ ಬರೆದವರು. ಯುದ್ಧ ಬಂದ ಮೇಲೆ ಕಾದಂಬರಿ ಪಕ್ಕಕ್ಕಿಟ್ಟರು. ಯುದ್ಧಾಪರಾಧಗಳನ್ನು ದಾಖಲು ಮಾಡುವ ‘ಟ್ರುತ್ ಹೌಂಡ್ಸ್’ ಎಂಬ ಸಂಸ್ಥೆಯಲ್ಲಿ ತರಬೇತಿ ಪಡೆದು ಊರೂರು ತಿರುಗಿ ಸಾಕ್ಷಿಗಳ ಹೇಳಿಕೆ ಬರೆದುಕೊಳ್ಳತೊಡಗಿದರು. 2022ರ ಸೆಪ್ಟೆಂಬರ್ 24ರಂದು ಕಪಿತೊಲಿವ್ಕಾಗೆ ಹೋದರು. ವಕುಲೆಂಕೊ ಅವರ ತಂದೆ ಡೈರಿ ಹೂತ ಜಾಗ ತೋರಿಸಿದರು, ಅಗೆದರು. ಸಿಗಲಿಲ್ಲ. ಅವರು ಕುಗ್ಗಿಹೋದರು. ಆಮೇಲೆ ಅಮೆಲಿನಾ ತಾವೇ ಅಗೆಯತೊಡಗಿದರು, ಸುರುಳಿ ಸಿಕ್ಕಿತು. ಇನ್ನೊಂದು ಮಳೆಗಾಲ, ಇನ್ನೊಂದು ಹಿಮಗಾಲ ಕಳೆದಿದ್ದರೆ ಆ ಕಾಗದ ಉಳಿಯುತ್ತಿತ್ತೋ ಇಲ್ಲವೋ. ಡೈರಿ ಖಾರ್ಕಿವ್‌ನ ಸಾಹಿತ್ಯ ಮ್ಯೂಸಿಯಂ ಸೇರಿತು.

ವಕುಲೆಂಕೊ ಬದುಕಿರಬಹುದು, ಯಾವುದೋ ಸೆರೆಮನೆಯಲ್ಲಿರಬಹುದು ಅನ್ನುವ ಆಸೆ ಆಗಲೂ ಇತ್ತು. ಇಜಿಯಂನಲ್ಲಿ ಹೆಣಗಳನ್ನು ಮಣ್ಣು ಮಾಡುತ್ತಿದ್ದವರು ಒಂದು ನೋಟ್‌ಬುಕ್ ಇಟ್ಟಿದ್ದರು. ಅದರಲ್ಲಿ 319ನೇ ನಂಬರಿನ ಎದುರು ಅವರ ಹೆಸರು ಕಾಣಿಸಿತು. ಮೇ ತಿಂಗಳಲ್ಲಿ ಸಿಕ್ಕ ದೇಹ. ಡಿಎನ್‌ಎ ಪರೀಕ್ಷೆಯ ಫಲಿತಾಂಶ ಬಂದು ಖಚಿತವಾದದ್ದು ನವೆಂಬರ್ ಕೊನೆಗೆ. ಡಿಸೆಂಬರ್‌ನಲ್ಲಿ ಖಾರ್ಕಿವ್‌ನಲ್ಲಿ ಅಂತ್ಯಕ್ರಿಯೆ ಆಯಿತು. ಅವರು ಸತ್ತದ್ದು ಯಾವ ದಿನ? ಮಾರ್ಚ್ 24ರ ನಂತರ, ಮೇ 12ರ ಒಳಗೆ. ಅದಕ್ಕಿಂತ ಹತ್ತಿರದ ಉತ್ತರ ಇಲ್ಲ. ಆ ನೋಟ್‌ಬುಕ್ ಬರೆದ ಮನುಷ್ಯನ ಬಗ್ಗೆ ನನಗೆ ಬಹಳ ಗೌರವ. ಊರು ಶತ್ರುವಿನ ಕೈಯಲ್ಲಿದ್ದಾಗ, ದಿನವೂ ಹೆಣ ಹೂಳುವಾಗ, ನಂಬರ್ ಮತ್ತು ಹೆಸರು ತಾಳೆಯಾಗುವಂತೆ ಬರೆದಿಡುವುದು ಸಣ್ಣ ಕೆಲಸ ಅಲ್ಲ. ಆ ಒಂದು ಸಾಲು ಇಲ್ಲದಿದ್ದರೆ ಹುಡುಕುವವರಿಗೆ ಹಿಡಿಯಲು ಎಳೆಯೇ ಇರುತ್ತಿರಲಿಲ್ಲ.

ಅಮೆಲಿನಾ ಆ ಡೈರಿಯ ಪುಸ್ತಕಕ್ಕೆ ಮುನ್ನುಡಿ ಬರೆದರು. 1930ರ ದಶಕದ ಪೀಳಿಗೆಗೆ ಆದದ್ದೇ ಈಗ ಮತ್ತೆ ಆಗುತ್ತಿದೆಯೇ, ಹಸ್ತಪ್ರತಿಗಳು ಮತ್ತೆ ಕಾಣೆಯಾಗುತ್ತವೆಯೇ ಅನ್ನುವ ಭಯ ಅದರಲ್ಲಿದೆ. 2023ರ ಜೂನ್ ಕೊನೆಗೆ ಕೀವ್‌ನ ಪುಸ್ತಕ ಮೇಳದಲ್ಲಿ ಪುಸ್ತಕ ಓದುಗರ ಮುಂದೆ ಬಂತು. ಕೆಲವೇ ದಿನಕ್ಕೆ, ಜೂನ್ 27ರಂದು, ಕೊಲಂಬಿಯಾದಿಂದ ಬಂದ ಲೇಖಕರು, ಪತ್ರಕರ್ತರ ಜೊತೆ ಅಮೆಲಿನಾ ಕ್ರಮಟೊರ್ಸ್ಕ್ ನಗರದ ಒಂದು ಪಿಜ್ಜಾ ರೆಸ್ಟೋರೆಂಟ್‌ನಲ್ಲಿ ಕೂತಿದ್ದರು. ಅದರ ಮೇಲೆ ರಷ್ಯಾದ ಇಸ್ಕಂದರ್ ಕ್ಷಿಪಣಿ ಬಿತ್ತು. ದ್ನಿಪ್ರೊದ ಆಸ್ಪತ್ರೆಯಲ್ಲಿ ಜುಲೈ 1ರಂದು ತೀರಿಕೊಂಡರು. 37 ವರ್ಷ. ಜುಲೈ 1 ವಕುಲೆಂಕೊ ಹುಟ್ಟಿದ ದಿನವೂ ಹೌದು.

ಆ ದಾಳಿಯಲ್ಲಿ 13 ಜನ ಸತ್ತರು. ಅವರಲ್ಲಿ ಹದಿಹರೆಯದ ಮಕ್ಕಳೂ ಇದ್ದರು. ಅಮೆಲಿನಾ ಬರೆಯುತ್ತಿದ್ದ ಪುಸ್ತಕ ಅರ್ಧಕ್ಕೆ ನಿಂತಿತ್ತು. ಯುದ್ಧಾಪರಾಧ ದಾಖಲು ಮಾಡುವ ಹೆಂಗಸರ ಬಗ್ಗೆ ಅದು. ಗೆಳೆಯರು ಟಿಪ್ಪಣಿಗಳನ್ನು ಹಾಗೇ ಜೋಡಿಸಿ 2025ರಲ್ಲಿ ಹೊರತಂದರು. ಮುಗಿಯದ ಅಧ್ಯಾಯಗಳನ್ನು ತಾವು ಬರೆದು ತುಂಬಲಿಲ್ಲ, ಖಾಲಿ ಇದ್ದದ್ದನ್ನು ಖಾಲಿಯೇ ಬಿಟ್ಟರು. ಅದೇ ಸರಿ ಅಂತ ನನಗೂ ಅನಿಸುತ್ತದೆ. ಆ ಪುಸ್ತಕಕ್ಕೆ ಬ್ರಿಟನ್ನಿನ ಆರ್ವೆಲ್ ಪ್ರಶಸ್ತಿ ಬಂತು.

ಶತ್ರು ಹಿಡಿದ ಊರಿನಿಂದ ಸುದ್ದಿ ಬರುವುದು ತಡ

ಯೂರಿ ಕೆರ್ಪಟೆಂಕೊ ಖೆರ್ಸಾನ್ ನಗರದ ವಾದ್ಯವೃಂದದ ನಿರ್ದೇಶಕ. 2022ರ ಮಾರ್ಚ್‌ನಿಂದ ಆ ನಗರ ರಷ್ಯಾದ ಕೈಯಲ್ಲಿತ್ತು. ಅಕ್ಟೋಬರ್ 1 ಅಂತಾರಾಷ್ಟ್ರೀಯ ಸಂಗೀತ ದಿನ. ಅವತ್ತು ಒಂದು ಕಛೇರಿ ನಡೆಸಿ, ಊರಲ್ಲಿ ಎಲ್ಲ ಶಾಂತವಾಗಿದೆ ಅಂತ ತೋರಿಸಬೇಕು ಅನ್ನುವುದು ಆಡಳಿತ ಹಿಡಿದವರ ಯೋಜನೆಯಾಗಿತ್ತು. ಕೆರ್ಪಟೆಂಕೊ ಒಪ್ಪಲಿಲ್ಲ. ಅವರನ್ನು ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು. ಹೊರ ಜಗತ್ತಿಗೆ ತಿಳಿದದ್ದು ಅಕ್ಟೋಬರ್ ಮಧ್ಯದಲ್ಲಿ, ಉಕ್ರೇನಿನ ಸಂಸ್ಕೃತಿ ಸಚಿವಾಲಯ ಪ್ರಕಟಿಸಿದಾಗ. ಉಕ್ರೇನಿನ ಪೊಲೀಸರು ಆ ಮನೆಗೆ ಹೋಗಲು ಸಾಧ್ಯವಾದದ್ದು ನವೆಂಬರ್ 11ರಂದು ಖೆರ್ಸಾನ್ ಬಿಡುಗಡೆಯಾದ ಮೇಲೆ.

ಅವರು ಕೆಲಸ ಮಾಡುತ್ತಿದ್ದ ರಂಗಮಂದಿರದ ಹೆಸರು ಗೊತ್ತೇ? ಮಿಕೋಲಾ ಕುಲಿಶ್ ಸಂಗೀತ ಮತ್ತು ನಾಟಕ ರಂಗಮಂದಿರ. ಸಾಂದರ್ಮೊಖ್‌ನಲ್ಲಿ ಕೊಂದ ಅದೇ ಕುಲಿಶ್.

ಛಾಯಾಗ್ರಾಹಕ ಮ್ಯಾಕ್ಸ್ ಲೆವಿನ್ ಅವರದು ಇದಕ್ಕೆ ಹತ್ತಿರದ ಕತೆ. 2022ರ ಮಾರ್ಚ್ 13ರಂದು ಕೀವ್‌ನ ಉತ್ತರದ ಕಾಡಿನ ಕಡೆ ಒಬ್ಬ ಸೈನಿಕ ಗೆಳೆಯನ ಜೊತೆ ಹೋದವರು ಕಾಣೆಯಾದರು. ಕಳೆದುಹೋದ ತಮ್ಮ ಡ್ರೋನ್ ಹುಡುಕಲು ಹೋಗಿದ್ದರು. ದೇಹ ಸಿಕ್ಕಿದ್ದು ಏಪ್ರಿಲ್ 1ಕ್ಕೆ, ರಷ್ಯಾ ಸೇನೆ ಆ ಭಾಗ ಬಿಟ್ಟು ಹೋದ ಮೇಲೆ. ಹೋರಾಟದ ಮಧ್ಯೆ ಸಿಕ್ಕಿ ಸತ್ತಿರಬೇಕು ಅಂತ ಕಡತ ಮುಚ್ಚಬಹುದಿತ್ತು. ಪತ್ರಕರ್ತರ ಹಕ್ಕುಗಳಿಗಾಗಿ ಕೆಲಸ ಮಾಡುವ ‘ರಿಪೋರ್ಟರ್ಸ್ ವಿದೌಟ್ ಬಾರ್ಡರ್ಸ್’ ತನ್ನ ತನಿಖೆಗಾರರನ್ನು ಆ ಕಾಡಿಗೇ ಕಳಿಸಿತು. ಅವರು ಸುಟ್ಟ ಕಾರು ನೋಡಿದರು, ನೆಲದಲ್ಲಿ ಹುದುಗಿದ್ದ ಗುಂಡು ಹುಡುಕಿದರು. ಇಬ್ಬರನ್ನೂ ಹಿಡಿದು ಬೇಕೆಂದೇ ಕೊಂದಿದ್ದಾರೆ ಎಂಬ ತೀರ್ಮಾನಕ್ಕೆ ಬಂದರು. ಪಟ್ಟಿಯಲ್ಲಿ ಲೆವಿನ್ ಹೆಸರಿನ ಎದುರು ಏನು ಬರೆಯಬೇಕು ಅನ್ನುವುದು ಅಲ್ಲಿಗೆ ಬದಲಾಯಿತು. ‘ಯುದ್ಧದಲ್ಲಿ ಸತ್ತರು’ ಎಂಬುದಕ್ಕೂ ‘ಹಿಡಿದು ಕೊಂದರು’ ಎಂಬುದಕ್ಕೂ ಕಾನೂನಿನಲ್ಲಿ ಅಜಗಜಾಂತರ. ಎರಡನೆಯದು ಯುದ್ಧಾಪರಾಧ.

ಗುಂಡು ತಾಗದೆ ಸತ್ತವರು

ಕಾರಣದ ವಿಷಯದಲ್ಲಿ ಇನ್ನೊಂದು ತೊಡಕಿದೆ. ಲ್ಯುಬೊವ್ ಪಾನ್ಚೆಂಕೊ ಚಿತ್ರ ಕಲಾವಿದೆ. 1960ರ ದಶಕದಲ್ಲಿ ಸೋವಿಯತ್ ಕಟ್ಟುಪಾಡಿನ ನಡುವೆ ಉಕ್ರೇನಿನ ಕಲೆ, ಕಸೂತಿ, ಬಟ್ಟೆಯ ವಿನ್ಯಾಸವನ್ನು ಉಳಿಸಿ ಬೆಳೆಸಿದ ಗುಂಪಿನವರು. ಇಳಿವಯಸ್ಸಿನಲ್ಲಿ ಕೀವ್ ಪಕ್ಕದ ಬುಚಾ ಪಟ್ಟಣದಲ್ಲಿ ಒಂಟಿಯಾಗಿ ಇದ್ದರು. 2022ರ ಮಾರ್ಚ್‌ನಲ್ಲಿ ಬುಚಾ ರಷ್ಯಾ ಸೇನೆಯ ಕೈಯಲ್ಲಿದ್ದಾಗ ಅವರಿಗೆ ಊಟ ಸಿಗಲಿಲ್ಲ. ಊರು ಬಿಡುಗಡೆಯಾದ ಮೇಲೆ ಆಸ್ಪತ್ರೆಗೆ ಸೇರಿಸಿದರು. ಏಪ್ರಿಲ್ 30ರಂದು 84ನೇ ವಯಸ್ಸಿನಲ್ಲಿ ತೀರಿಕೊಂಡರು. ಆಸ್ಪತ್ರೆಯ ಕಾಗದ ನೋಡಿದವರಿಗೆ ಇದು ವಯಸ್ಸಾದ ಹೆಂಗಸಿನ ಸಾವು. ಆದರೆ ಅವರನ್ನು ಕೊಂದದ್ದು ಹಸಿವು, ಆ ಹಸಿವು ತಂದದ್ದು ಯುದ್ಧ. ಹೆಸರಾಂತ ಕಲಾವಿದೆ ಆಗಿದ್ದರಿಂದ ಇಷ್ಟಾದರೂ ನಮಗೆ ಗೊತ್ತು. ಅದೇ ಬೀದಿಯಲ್ಲಿ ಅದೇ ರೀತಿ ಸತ್ತ ಬೇರೆ ಅಜ್ಜ-ಅಜ್ಜಿಯರು ಯುದ್ಧದಲ್ಲಿ ಸತ್ತವರ ಲೆಕ್ಕಕ್ಕೆ ಬರುವುದು ಬಹಳ ಕಷ್ಟ.

ರಷ್ಯಾದ ಕಡೆ ಕಾರಣದ ಪ್ರಶ್ನೆ ಬೇರೆ ರೂಪದಲ್ಲಿದೆ. ಲುಕಾಯಿಲ್ ಎಂಬ ದೊಡ್ಡ ತೈಲ ಕಂಪನಿಯ ಆಡಳಿತ ಮಂಡಳಿ 2022ರ ಮಾರ್ಚ್‌ನಲ್ಲಿ ಯುದ್ಧ ಬೇಗ ನಿಲ್ಲಬೇಕು ಅಂತ ಹೇಳಿಕೆ ಕೊಟ್ಟಿತ್ತು. ಸೆಪ್ಟೆಂಬರ್ 1ರಂದು ಅದರ ಅಧ್ಯಕ್ಷ ರವಿಲ್ ಮಗಾನೊವ್ ಮಾಸ್ಕೋದ ಆಸ್ಪತ್ರೆಯ ಕಿಟಕಿಯಿಂದ ಬಿದ್ದು ಸತ್ತರು. ಕಂಪನಿಯ ಪ್ರಕಟಣೆ ‘ತೀವ್ರ ಅನಾರೋಗ್ಯದ ನಂತರ’ ಅಂದಿತು. ಡಿಸೆಂಬರ್ 24ರಂದು ನಮ್ಮ ಒಡಿಶಾದ ರಾಯಗಡದಲ್ಲಿ ಪಾವೆಲ್ ಆಂತೊವ್ ಎಂಬ ರಷ್ಯಾದ ಜನಪ್ರತಿನಿಧಿ, ಮಾಂಸದ ಉದ್ಯಮಿ, ಹೋಟೆಲಿನ ಮೇಲಿನಿಂದ ಬಿದ್ದು ಸತ್ತರು. ಎರಡು ದಿನ ಮೊದಲು ಅದೇ ಹೋಟೆಲಿನಲ್ಲಿ ಅವರ ಜೊತೆ ಬಂದಿದ್ದವರೊಬ್ಬರು ತೀರಿಕೊಂಡಿದ್ದರು. ಆಂತೊವ್ ಆ ವರ್ಷದ ಜೂನ್‌ನಲ್ಲಿ ಯುದ್ಧವನ್ನು ಟೀಕಿಸಿದ ಒಂದು ವಾಟ್ಸ್‌ಆ್ಯಪ್ ಸಂದೇಶವನ್ನು ಹಿಂದಕ್ಕೆ ಪಡೆದಿದ್ದರು. ಒಡಿಶಾ ಪೊಲೀಸರ ಸಿಐಡಿ ತನಿಖೆ ನಡೆಸಿತು. ಈ ಎರಡನ್ನೂ ಕೊಲೆ ಅಂತ ಕರೆಯಲು ನನ್ನಲ್ಲಿ ಆಧಾರ ಇಲ್ಲ, ಕರೆಯುವುದೂ ಇಲ್ಲ. ಅನುಮಾನ ಜಾಸ್ತಿ ಇದ್ದಾಗಲೂ ಆಧಾರ ಇರುವಷ್ಟನ್ನೇ ಬರೆಯಬೇಕು. ಇಲ್ಲದಿದ್ದರೆ ಪಟ್ಟಿ ಸಾಕ್ಷಿಯಾಗುವುದಿಲ್ಲ, ಗಾಳಿಸುದ್ದಿಯಾಗುತ್ತದೆ.

ಯುದ್ಧದಲ್ಲಿ ಅಲ್ಲ, ಯುದ್ಧದ ವರ್ಷದಲ್ಲಿ

1991ರ ಡಿಸೆಂಬರ್ 8ರಂದು ಬೆಲರೂಸಿನ ಬೆಲೊವೆಜ್ ಕಾಡಿನ ಒಂದು ಬಂಗಲೆಯಲ್ಲಿ ಸೋವಿಯತ್ ಒಕ್ಕೂಟವನ್ನು ಮುಗಿಸುವ ಒಪ್ಪಂದಕ್ಕೆ ಸಹಿ ಬಿತ್ತು. ಸಹಿ ಹಾಕಿದವರು ಆರು ಮಂದಿ. ಅವರಲ್ಲಿ ಮೂವರು 2022ರಲ್ಲೇ ತೀರಿಕೊಂಡರು. ಬೆಲರೂಸಿನ ಸ್ತಾನಿಸ್ಲಾವ್ ಶುಷ್ಕೆವಿಚ್ ಮೇ ಮೊದಲ ವಾರ. ಉಕ್ರೇನಿನ ಮೊದಲ ಅಧ್ಯಕ್ಷ ಲಿಯೊನಿದ್ ಕ್ರಾವ್ಚುಕ್ ಮೇ 10ರಂದು. ರಷ್ಯಾದ ಗೆನ್ನಾದಿ ಬುರ್ಬುಲಿಸ್ ಜೂನ್ 19ರಂದು. ಆಗಸ್ಟ್ 30ರಂದು ಗೋರ್ಬಚೆವ್ ಕೂಡ ಹೋದರು. ಒಕ್ಕೂಟವನ್ನು ಉಳಿಸಲು ಕೊನೆಯವರೆಗೆ ನೋಡಿದವರು, ಆದರೆ ಅದು ಮುರಿಯುವಾಗ ಸೇನೆಯನ್ನು ಬಿಟ್ಟು ಮಹಾಯುದ್ಧ ಮಾಡಿಸದೆ ಕುರ್ಚಿ ಬಿಟ್ಟು ಎದ್ದವರು. ಬಾಲ್ಟಿಕ್ ದೇಶಗಳಲ್ಲಿ, ಬಾಕುವಿನಲ್ಲಿ ಹರಿದ ರಕ್ತದ ಹೊಣೆ ಅವರ ಮೇಲಿದೆ ಎಂಬುದನ್ನೂ ಮರೆಯುವ ಹಾಗಿಲ್ಲ.

ಇವರೆಲ್ಲ ವಯಸ್ಸಾಗಿ, ಕಾಯಿಲೆಯಿಂದ ಸತ್ತವರು. ಬೇರೆ ವರ್ಷವಾಗಿದ್ದರೆ ಒಬ್ಬೊಬ್ಬರ ಬಗ್ಗೆಯೂ ಪುಟಗಟ್ಟಲೆ ಚರ್ಚೆ ಆಗುತ್ತಿತ್ತು. ಕ್ರಾವ್ಚುಕ್ ಸತ್ತಾಗ ಮರಿಯುಪೊಲ್‌ನ ಅಜೊವ್‌ಸ್ತಾಲ್ ಉಕ್ಕಿನ ಕಾರ್ಖಾನೆಯಲ್ಲಿ ಸೈನಿಕರು ಮುತ್ತಿಗೆಯಲ್ಲಿ ಸಿಕ್ಕಿಕೊಂಡಿದ್ದರು. ಗಮನ ಎಲ್ಲ ಅತ್ತ. ರಷ್ಯಾ ಮತ್ತು ಉಕ್ರೇನ್ ಹೇಗೆ ಬೇರೆಯಾದವು, ಗಡಿ ಹೇಗೆ ನಿಗದಿಯಾಯಿತು ಅಂತ ಕಣ್ಣಾರೆ ಕಂಡ ನೆನಪಿದ್ದವರು ಒಬ್ಬೊಬ್ಬರಾಗಿ ಹೋದರು. ಅದೇ ಗಡಿಯ ಮೇಲೆ ಆಗ ಯುದ್ಧ ನಡೆಯುತ್ತಿತ್ತು.

ಬೋರಿಸ್ ರೊಮಾನ್ಚೆಂಕೊ ಅವರದು ಇದಕ್ಕೆ ತದ್ವಿರುದ್ಧ. 1926ರಲ್ಲಿ ಹುಟ್ಟಿದವರು. ನಾಜಿಗಳು ಅವರನ್ನು ಜರ್ಮನಿಗೆ ಎಳೆದೊಯ್ದು ಗಣಿಯಲ್ಲಿ ದುಡಿಸಿದರು. ತಪ್ಪಿಸಿಕೊಳ್ಳಲು ನೋಡಿದ್ದಕ್ಕೆ ಬುಖೆನ್‌ವಾಲ್ಡ್ ಶಿಬಿರಕ್ಕೆ ಹಾಕಿದರು. ಅಲ್ಲಿಂದ ಪೀನೆಮ್ಯುಂಡೆ, ಮಿಟ್ಟೆಲ್‌ಬೌ-ಡೋರಾ, ಬರ್ಗನ್-ಬೆಲ್ಸನ್. ನಾಲ್ಕು ಶಿಬಿರಗಳಿಂದ ಬದುಕಿ ಬಂದರು. 2022ರ ಮಾರ್ಚ್ 18ರಂದು ಖಾರ್ಕಿವ್‌ನ ತಮ್ಮ ಅಪಾರ್ಟ್‌ಮೆಂಟಿನಲ್ಲಿದ್ದಾಗ ಶೆಲ್ ಬಿದ್ದು ಸತ್ತರು. ಸುದ್ದಿಯನ್ನು ಪ್ರಕಟಿಸಿದ್ದು ಬುಖೆನ್‌ವಾಲ್ಡ್ ಸ್ಮಾರಕದವರು. ಜರ್ಮನಿಯ ಸಂಸತ್ತು ಎದ್ದು ನಿಂತು ಮೌನ ಆಚರಿಸಿತು. ಹಿಟ್ಲರನ ಶಿಬಿರದಲ್ಲಿ ಅವರ ಹೆಸರು ಬರೆದಿಟ್ಟಿದ್ದರು, ಯುದ್ಧದ ನಂತರ ಬದುಕುಳಿದವರ ಸಂಘ ಅವರ ಜಾಡು ಬಿಟ್ಟಿರಲಿಲ್ಲ. ಹಾಗಾಗಿಯೇ ಅವರ ಸಾವು ಮೂರೇ ದಿನಕ್ಕೆ ಜಗತ್ತಿಗೆ ತಿಳಿಯಿತು.

ಧಾನ್ಯದ ವ್ಯಾಪಾರಿ ಒಲೆಕ್ಸಿ ವಡತುರ್ಸ್ಕಿ, ನಿಬುಲಾನ್ ಕಂಪನಿ ಕಟ್ಟಿದವರು. ಜುಲೈ 31ರಂದು ಮಿಕೊಲೈವ್‌ನ ಮನೆಯ ಮೇಲೆ ಕ್ಷಿಪಣಿ ಬಿದ್ದು ಹೆಂಡತಿಯ ಜೊತೆ ಸತ್ತರು. ಮಾರನೇ ದಿನ ಆಗಸ್ಟ್ 1ರಂದು, ಉಕ್ರೇನಿನ ಧಾನ್ಯದ ಹಡಗುಗಳಿಗೆ ದಾರಿ ಬಿಡುವ ಕಪ್ಪು ಸಮುದ್ರದ ಧಾನ್ಯ ಒಪ್ಪಂದದ ಪ್ರಕಾರ ಮೊದಲ ಹಡಗು ರಜೋನಿ ಒಡೆಸ್ಸಾ ಬಂದರಿನಿಂದ ಹೊರಟಿತು. ಜೀವಮಾನವಿಡೀ ಗೋದಾಮು, ನದಿ ದೋಣಿ, ಬಂದರು ಕಟ್ಟಿದ ಮನುಷ್ಯ ಅದನ್ನು ನೋಡಲಿಲ್ಲ.

ಗಣ್ಯರು ಯಾರು?

ಈ ಪ್ರಶ್ನೆ ಕೇಳದೆ ಮುಂದೆ ಹೋಗುವ ಹಾಗಿಲ್ಲ. ಯೂಲಿಯಾ ಜ್ದಾನೊವ್ಸ್ಕಾಗೆ 21 ವರ್ಷ. 2017ರ ಯುರೋಪಿನ ಹುಡುಗಿಯರ ಗಣಿತ ಒಲಿಂಪಿಯಾಡ್‌ನಲ್ಲಿ ಬೆಳ್ಳಿ ಪದಕ ಗೆದ್ದಿದ್ದಳು. ಓದು ಮುಗಿಸಿ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. 2022ರ ಮಾರ್ಚ್‌ನಲ್ಲಿ ಖಾರ್ಕಿವ್‌ನಲ್ಲೇ ಉಳಿದು ಜನರಿಗೆ ನೆರವಾಗುತ್ತಿದ್ದಾಗ ದಾಳಿಯಲ್ಲಿ ಸತ್ತಳು. ಅವಳ ಹೆಸರಿನಲ್ಲಿ ಅಮೆರಿಕದ ಎಂಐಟಿ ಉಕ್ರೇನಿನ ಹೈಸ್ಕೂಲು ಮಕ್ಕಳಿಗೆ ಗಣಿತದ ಉಚಿತ ಕಾರ್ಯಕ್ರಮ ನಡೆಸುತ್ತಿದೆ. ಬದುಕಿದ್ದರೆ ದೊಡ್ಡ ಗಣಿತಜ್ಞೆ ಆಗುತ್ತಿದ್ದಳೇನೋ. ಯುದ್ಧದ ಪಟ್ಟಿಯಲ್ಲಿ ಇಂಥವರು ತುಂಬಾ. ಹೆಸರು ಮಾಡುವ ಮೊದಲೇ ಹೋದವರು.

ಅದೇ ಖಾರ್ಕಿವ್‌ನಲ್ಲಿ, ಅದೇ ವಾರ, ಮಾರ್ಚ್ 1ರಂದು ನಮ್ಮ ಹಾವೇರಿ ಜಿಲ್ಲೆಯ ಒಬ್ಬ ವೈದ್ಯ ವಿದ್ಯಾರ್ಥಿ ಸತ್ತ. ಊಟದ ಸಾಮಾನು ತರಲು ಕ್ಯೂ ನಿಂತಿದ್ದಾಗ ನಡೆದ ದಾಳಿ. ದೇಹ ಊರಿಗೆ ಬರಲು ಮೂರು ವಾರ ಹಿಡಿಯಿತು. ಕುಟುಂಬದವರು ಅದನ್ನು ವೈದ್ಯಕೀಯ ಕಾಲೇಜಿಗೆ ದಾನ ಮಾಡಿದರು. ಆ ದಿನಗಳು ನಮ್ಮಲ್ಲಿ ಎಲ್ಲರಿಗೂ ನೆನಪಿವೆ ಅಲ್ವಾ? ಬಂಕರ್‌ಗಳಿಂದ ಮಕ್ಕಳು ಮಾಡುತ್ತಿದ್ದ ವಿಡಿಯೊ ಕಾಲ್, ‘ಆಪರೇಷನ್ ಗಂಗಾ’ ವಿಮಾನಗಳು. 22 ಸಾವಿರಕ್ಕೂ ಹೆಚ್ಚು ಭಾರತೀಯರು ವಾಪಸ್ ಬಂದರು. ಆಮೇಲೆ ಯುದ್ಧದ ಸುದ್ದಿ ನಮ್ಮ ಟಿವಿಯಿಂದ ಮೆಲ್ಲಗೆ ಮರೆಯಾಯಿತು. ಮತ್ತೆ ಬಂದದ್ದು 2024ರಲ್ಲಿ, ಕಲಬುರಗಿಯ ಯುವಕರೂ ಸೇರಿ ಹಲವರು ಕೆಲಸದ ಆಸೆಗೆ ಹೋಗಿ ರಷ್ಯಾ ಸೇನೆಯಲ್ಲಿ ಸಿಕ್ಕಿಕೊಂಡ ಸುದ್ದಿ ಬಂದಾಗ. ಕಲಬುರಗಿಯವರು ಜೀವಂತ ಬಂದರು. 2025ರ ಜನವರಿಯಲ್ಲಿ ವಿದೇಶಾಂಗ ಸಚಿವಾಲಯ ಕೊಟ್ಟ ಲೆಕ್ಕದಲ್ಲಿ ಆ ಸೇನೆಯಲ್ಲಿದ್ದ 12 ಭಾರತೀಯರು ಸತ್ತಿದ್ದರು, 16 ಮಂದಿ ಕಾಣೆಯಾಗಿದ್ದರು. ‘ಕಾಣೆಯಾದವರು’ ಅನ್ನುವ ಕಾಲಂ ಎಷ್ಟು ಭಾರ ಅಂತ ಆ ಹದಿನಾರು ಮನೆಗಳಿಗೆ ಗೊತ್ತು.

ಲೆಕ್ಕ ಇಡುವವರು

ರಷ್ಯಾದ ರಕ್ಷಣಾ ಸಚಿವರು 2022ರ ಸೆಪ್ಟೆಂಬರ್ 21ರಂದು ತಮ್ಮ ಕಡೆ ಸತ್ತ ಸೈನಿಕರು 5,937 ಅಂದರು. ಅದಾದ ಮೇಲೆ ವರ್ಷಗಟ್ಟಲೆ ಹೊಸ ಅಂಕಿ ಕೊಡಲಿಲ್ಲ. ರಷ್ಯಾದ ಸ್ವತಂತ್ರ ಸುದ್ದಿತಾಣ ‘ಮೀಡಿಯಾಜೋನಾ’ ಮತ್ತು ಬಿಬಿಸಿಯ ರಷ್ಯನ್ ವಿಭಾಗದವರು ಸ್ವಯಂಸೇವಕರ ಜೊತೆ ಸೇರಿ ಹೆಸರು ಹೆಸರಾಗಿ ಕಲೆಹಾಕುತ್ತಿದ್ದಾರೆ. ಊರಿನ ಪತ್ರಿಕೆಯ ಶ್ರದ್ಧಾಂಜಲಿ, ಶಾಲೆಯ ಪೋಸ್ಟ್, ಸ್ಮಶಾನದ ಹೊಸ ಗೋರಿಗಳು. ಹೆಸರು ಸಮೇತ ಖಚಿತವಾದವರ ಲೆಕ್ಕ ಒಂದು ಲಕ್ಷವನ್ನು ದಾಟಿದೆ. ಮಾಸ್ಕೋ ಅಡಗಿಸಿಟ್ಟದ್ದನ್ನು ಹಳ್ಳಿಯ ಶಾಲೆಯ ಪೋಸ್ಟುಗಳು ಹೊರಹಾಕುತ್ತಿವೆ. ಉಕ್ರೇನಿನಲ್ಲಿ ‘ಪೆನ್’ ಲೇಖಕರ ಸಂಘ ಯುದ್ಧ ಕಸಿದುಕೊಂಡ ಕಲಾವಿದರು, ಲೇಖಕರು, ಸಂಗೀತಗಾರರ ಪಟ್ಟಿ ಇಡುತ್ತಿದೆ. ಒಂದು ಹೆಸರಿನ ಹಿಂದೆ ಒಂದು ಕತೆ, ಒಂದು ಫೋಟೊ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ ತಾನೇ ಖಚಿತ ಮಾಡಿಕೊಂಡ ನಾಗರಿಕರ ಸಾವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. 2022ರ ಕೊನೆಗೆ ಆ ಸಂಖ್ಯೆ ಸುಮಾರು 6,900. ನಿಜವಾದ ಸಂಖ್ಯೆ ಇದಕ್ಕಿಂತ ಬಹಳ ಹೆಚ್ಚು ಅಂತ ಆ ಕಚೇರಿಯೇ ಪ್ರತಿ ವರದಿಯಲ್ಲೂ ಬರೆಯುತ್ತದೆ. ಮರಿಯುಪೊಲ್‌ನಂಥ ಊರಿಗೆ ಯಾರೂ ಹೋಗಿ ಎಣಿಸಲು ಆಗುತ್ತಿಲ್ಲ.

ಕನ್ನಡದಲ್ಲಿ ಯುದ್ಧದ ಸಾವುಗಳನ್ನು ನಾವು ಓದುವುದು ಹೆಚ್ಚಾಗಿ ಸಂಖ್ಯೆಯಾಗಿ. ‘ಕ್ಷಿಪಣಿ ದಾಳಿ: 13 ಸಾವು’. ಮಾರನೇ ದಿನ ಬೇರೆ ಸಂಖ್ಯೆ. ಆ 13ರಲ್ಲಿ ಒಬ್ಬರು ಒಬ್ಬ ಕವಿಯ ಡೈರಿಯನ್ನು ಮಣ್ಣಿನಿಂದ ಎತ್ತಿದವರು ಅನ್ನುವುದು ಆ ಸಾಲಿನಲ್ಲಿ ಬರುವುದಿಲ್ಲ. ಗಾಜಾದಲ್ಲಿ 2023ರ ಡಿಸೆಂಬರ್‌ನಲ್ಲಿ ಕವಿ, ಇಂಗ್ಲಿಷ್ ಪ್ರಾಧ್ಯಾಪಕ ರಿಫಾತ್ ಅಲ್ ಅರೀರ್ ದಾಳಿಯಲ್ಲಿ ಸತ್ತಾಗಲೂ ನಮ್ಮಲ್ಲಿ ಬಂದದ್ದು ಹೆಚ್ಚಾಗಿ ಆ ದಿನದ ಒಟ್ಟು ಅಂಕಿ. ಪತ್ರಿಕೆಗೆ ಜಾಗದ ಇಕ್ಕಟ್ಟು ಇರುತ್ತದೆ, ಒಪ್ಪುತ್ತೇನೆ. ಆನ್‌ಲೈನಿನಲ್ಲಿ ಬರೆಯುವ ನಮಗೆ ಆ ಇಕ್ಕಟ್ಟು ಇಲ್ಲ.

2022ರ ಪಟ್ಟಿ ಇನ್ನೂ ಮುಗಿದಿಲ್ಲ. ಸತ್ತವರು ಯಾರು ಅಂತ ಗೊತ್ತಾಗುವುದೇ ಎಷ್ಟು ತಡ ಅನ್ನುವುದಕ್ಕೆ ಆಮೇಲಿನ ಒಂದು ಸಾವನ್ನು ನೋಡಿ. ಪತ್ರಕರ್ತೆ ವಿಕ್ಟೋರಿಯಾ ರೊಶ್ಚಿನಾ 2024ರ ಸೆಪ್ಟೆಂಬರ್‌ನಲ್ಲಿ ರಷ್ಯಾದ ಸೆರೆಯಲ್ಲಿ ಸತ್ತರು, 27 ವರ್ಷ. 2025ರ ಫೆಬ್ರವರಿಯಲ್ಲಿ ದೇಹ ವಾಪಸ್ ಬಂದಾಗ ಅದರ ಮೇಲಿನ ಚೀಟಿಯಲ್ಲಿ ‘ಗುರುತಿಲ್ಲದ ಗಂಡಸು’ ಅಂತ ಬರೆದಿತ್ತು. ಕೆಲವು ಅಂಗಾಂಗಗಳೇ ಇರಲಿಲ್ಲ. ಡಿಎನ್‌ಎ ಪರೀಕ್ಷೆಯಿಂದ ಅವರೇ ಅಂತ ಗೊತ್ತಾಯಿತು. 2025ರ ಜೂನ್‌ನಲ್ಲಿ ಇಸ್ತಾಂಬುಲ್ ಮಾತುಕತೆಯ ನಂತರ ರಷ್ಯಾ ಒಂದೇ ತಿಂಗಳಲ್ಲಿ ಆರು ಸಾವಿರಕ್ಕೂ ಹೆಚ್ಚು ದೇಹಗಳನ್ನು ಉಕ್ರೇನಿಗೆ ಒಪ್ಪಿಸಿತು. ಉಕ್ರೇನಿನ ಕಾಣೆಯಾದವರ ನೋಂದಣಿಯಲ್ಲಿ ಆಗ 70 ಸಾವಿರಕ್ಕೂ ಹೆಚ್ಚು ಹೆಸರುಗಳಿದ್ದವು. ಪ್ರಯೋಗಾಲಯಗಳಲ್ಲಿ ಒಂದೊಂದೇ ದೇಹದ ಮಾದರಿಯನ್ನು ಮನೆಯವರು ಕೊಟ್ಟ ರಕ್ತದ ಮಾದರಿಗೆ ಹೋಲಿಸಿ ನೋಡುತ್ತಿದ್ದಾರೆ. ತಾಳೆಯಾದ ಒಂದೊಂದು ಹೆಸರೂ ಒಂದು ಪಟ್ಟಿಯಿಂದ ಹೊರಬಿದ್ದು ಇನ್ನೊಂದಕ್ಕೆ ಸೇರುತ್ತಿದೆ. ಅವುಗಳಲ್ಲಿ ಕೆಲವಕ್ಕೆ ಬರೆಯಬೇಕಾದ ವರ್ಷ 2022.